ಕಷ್ಟ ಬಂದರೆ ಫೋನ್ ಮಾಡು

ಮಂಗಳವಾರ, ಹನ್ನೊಂದನೇ ತಾರೀಖು

ಇವತ್ತು ಮೂರನೇ ಮಹಡಿಯ ಹೊಲಿಗೆಯವಳ ಮಗಳನ್ನು ಸರ್ಕಾರಿ ಬಾಲಮಂದಿರಕ್ಕೆ ಬಿಟ್ಟು ಬಂದೆ. ನಾಲ್ಕು ವರ್ಷದ ಕೂಸು.

ಮಗುವಿಗೆ ಎಷ್ಟು ಅಪಾಯವಿದೆ ಎಂದು ಈಗ ಕಂಪ್ಯೂಟರೇ ಅಂಕ ಹಾಕುತ್ತದೆ. ಆ ಮನೆಗೆ ಇಪ್ಪತ್ತಕ್ಕೆ ಹತ್ತೊಂಬತ್ತು. ಯಾಕೆ ಎಂದು ಬೆಳಿಗ್ಗೆ ಬಿಡಿಸಿ ನೋಡಿದೆ. ಹೊಡೆತವಿಲ್ಲ, ಕುಡಿತವಿಲ್ಲ. ಎಂಟು ತಿಂಗಳಲ್ಲಿ ನಮ್ಮ ಮಕ್ಕಳ ರಕ್ಷಣಾ ಕಚೇರಿಗೆ ಒಂಬತ್ತು ಕರೆ, ಅಷ್ಟೇ. ಒಂಬತ್ತೂ ಅವಳೇ ಮಾಡಿದ್ದು. ಮಗುವಿಗೆ ಜ್ವರ, ಏನು ಮಾಡಲಿ. ಕೆಲಸಕ್ಕೆ ಹೋಗಬೇಕು, ಯಾರ ಹತ್ತಿರ ಬಿಡಲಿ. ಸಹಾಯ ಕೇಳಿದ್ದನ್ನೂ ಕಂಪ್ಯೂಟರು ದೂರು ಎಂದೇ ಎಣಿಸಿದೆ.

ಸಾಹೇಬರಿಗೆ ತೋರಿಸಿದೆ. "ಆದೇಶ ಬಂದಾಗಿದೆಯಮ್ಮ, ಮೊದಲು ಮಗು ಕರ್ಕೊಂಡು ಬಾ. ಮುಂದಿನ ತಿಂಗಳು ಅಂಕ ಇಳಿದ್ರೆ ನೋಡೋಣ" ಎಂದರು.

ಫೋನ್ ಮಾಡು ಎಂದು ಅವಳಿಗೆ ಹೇಳಿದವಳು ನಾನು. ಅವಳ ಮನೆಗೆ ಹೋದಾಗ, ನಾನೇ ನಂಬರು ಬರೆದುಕೊಟ್ಟ ಚೀಟಿ ಹೊಲಿಗೆ ಯಂತ್ರದ ಮೇಲಿನ ಗೋಡೆಯಲ್ಲಿ ಇನ್ನೂ ಅಂಟಿತ್ತು. ಆದೇಶದಲ್ಲಿ ಒಂಬತ್ತು ಕರೆಗಳೂ ತಾರೀಖು ಸಮೇತ ಇದ್ದವು. ಅವಳು ಬೆರಳಿಟ್ಟು ಓದಿದಳು.

"ಸಂಕೋಚ ಬೇಡ ಅಂದಿದ್ರಲ್ಲ ಅಕ್ಕ" ಎಂದಳು.

ನಂಬಿದವಳ ಕತ್ತು ಕೊಯ್ದಿದ್ದೆ. ಅವಳು ಅಳಲಿಲ್ಲ. ಮಗಳ ಬಟ್ಟೆ ಮಡಿಸಿ ಚೀಲಕ್ಕೆ ತುಂಬಿದಳು. "ಕತ್ತಲೆ ಅಂದ್ರೆ ಹೆದರ್ತಾಳೆ. ಒಂದು ದೀಪ ಉರೀತಿರ್ಲಿ ಅಂತ ಅಲ್ಲಿಯವರಿಗೆ ಹೇಳಿಬಿಡಿ." ಆಮೇಲೆ ಚೀಟಿಯನ್ನು ಗೋಡೆಯಿಂದ ಬಿಡಿಸಿ ನನ್ನ ಕೈಗಿಟ್ಟಳು.

ಅಂಕ ಇಳಿಯುತ್ತದೆ. ಇನ್ನು ಅವಳು ಫೋನ್ ಮಾಡುವುದಿಲ್ಲ.

ದೀಪದ ವಿಷಯ. ಅಯ್ಯೋ, ಅಲ್ಲಿ ಹೇಳಲೇ ಇಲ್ಲ.

ಬಾಲಮಂದಿರಕ್ಕೆ ನಾಲ್ಕು ಸಲ ಫೋನ್ ಮಾಡಿದೆ. ಯಾರೂ ಎತ್ತುತ್ತಿಲ್ಲ. ಇನ್ನೊಂದು ಸಲ ಮಾಡಿ ನೋಡುತ್ತೇನೆ.