ಜೇನುಹುಳ ಕುಳಿತಿದ್ದ ಸ್ಟೂಲು

ಚಾಮರಾಜಪುರಂ, ಮೈಸೂರು
12-3-1958

ಅಕ್ಕನಿಗೆ ನಿನ್ನ ತಮ್ಮ ನಿಂತುಕೊಂಡೇ ಬರೆಯುವ ಕಾರ್ಡು. ಸದ್ಯಕ್ಕೆ ನಾನು ಕುಳಿತುಕೊಳ್ಳುವ ಹಾಗಿಲ್ಲ.

ಕಾಲೇಜಿನ ಮೇಷ್ಟ್ರಿಗೆ ನಮ್ಮ ಜೇನುಪೆಟ್ಟಿಗೆ ತಲುಪಿಸಿದೆ. ಹೆಂಗಸರ ಎದೆಗಂಟಿಗೆ ಜೇನುಹುಳದ ವಿಷ ಮದ್ದಾದೀತೇ ಎಂದು ಅವರು ಇಲಿಗಳ ಮೇಲೆ ಪರೀಕ್ಷೆ ಮಾಡುತ್ತಿದ್ದಾರೆ. "ನನ್ನ ಹುಳ ನನ್ನ ಕಚ್ಚಾಕಿಲ್ಲ ಸ್ವಾಮಿ" ಎಂದು ಜಂಬ ಕೊಚ್ಚಿಕೊಂಡು ಸ್ಟೂಲಿನ ಮೇಲೆ ಕುಳಿತೆ. ಪೆಟ್ಟಿಗೆಯಿಂದ ಈಚೆ ಬಂದಿದ್ದ ಹುಳಗಳು ನನಗಿಂತ ಮೊದಲೇ ಅಲ್ಲಿ ಕುಳಿತಿದ್ದವು.

ಊದಿಕೊಂಡು ಆಸ್ಪತ್ರೆಗೆ ಹೋದರೆ ಅಲ್ಲಿದ್ದದ್ದು ಲೇಡಿ ಡಾಕ್ಟರು! ಪಂಚೆ ಬಿಗಿಹಿಡಿದು ನಿಂತೆ. "ನಾಚ್ಕೊಂಡ್ರೆ ಮುಳ್ಳು ತಾನಾಗೇ ಈಚೆ ಬರುತ್ತೇನ್ರೀ? ತಿರುಗಿ" ಎಂದರು. ತಿರುಗಿದೆ.

ಮದ್ದು ಯಾವಾಗ ಬರುತ್ತದೋ, ಬರುತ್ತದೋ ಇಲ್ಲವೋ, ಮೇಷ್ಟ್ರಿಗೇ ಗೊತ್ತಿಲ್ಲವಂತೆ. ಅದಕ್ಕೆ ಕಾಯುತ್ತ, ಡಾಕ್ಟರಿಗೆ ತೋರಿಸಲು ನಾಚುತ್ತ ಕೂರಬೇಡ. ಸೋಮವಾರದ ಬಸ್ಸಿಗೆ ಭಾವನ ಜೊತೆ ಇಲ್ಲಿಗೆ ಹೊರಡು. ಈ ಕಾರ್ಡನ್ನು ಪೋಸ್ಟ್‌ಮ್ಯಾನ್ ಹೇಗೂ ಓದುತ್ತಾನೆ, ಊರಿಗೆಲ್ಲ ಹೇಳಲಿ. ನನ್ನ ಊತದ ಕಥೆಗೆ ನಕ್ಕು ಮುಗಿಸುವವರೆಗೆ ನಿನ್ನ ಸುದ್ದಿಗೆ ಯಾರೂ ಬರುವುದಿಲ್ಲ.

ಡಾಕ್ಟರಮ್ಮ ಒಳ್ಳೆಯವರು. ಕೈ ಮಾತ್ರ ತಣ್ಣಗಿದೆ, ಬೆಚ್ಚಬೇಡ.

ಶಿವಮಲ್ಲಪ್ಪ