ಅಡುಗೆಮನೆಯ ಶ್ರುತಿ

ಬರ್ನಿ, ಟಾಸ್ಮೇನಿಯ
ಭಾನುವಾರ, 19 ನವೆಂಬರ್ 2017

ಪ್ರೀತಿಯ ಗ್ಲೆನಿಸ್,

ನಿನ್ನ ಕಾಗದ ಬಂದು ಬಹಳ ದಿನವಾಯಿತು. ಜೊತೆಗೆ ನೀನು ಹೆಣೆದು ಕಳಿಸಿದ ಉಣ್ಣೆಯ ಟೋಪಿಯೂ ಬಂತು. ಉತ್ತರ ತಡವಾದದ್ದಕ್ಕೆ ಕ್ಷಮಿಸು. ಬೇಕರಿಯಲ್ಲಿ ಕೈತುಂಬ ಕೆಲಸ ಎಂದು ಬರೆದರೆ ನೀನು ನಂಬಿಬಿಡುತ್ತೀಯ, ಆದರೆ ಅದು ಸುಳ್ಳು. ಬರೆಯಲು ಕೂತರೆ ‘ಪ್ರೀತಿಯ’ ಎಂಬಲ್ಲಿಗೇ ಪೆನ್ನು ನಿಂತುಬಿಡುತ್ತಿತ್ತು. ನಿನ್ನ ಮೊಣಕಾಲು ಹೇಗಿದೆ? ಅಡಿಲೇಡಿನ ಬಿಸಿಲಿಗೆ ಸ್ವಲ್ಪವಾದರೂ ಸಡಿಲವಾಯಿತೇ?

ಇಲ್ಲಿ ನವೆಂಬರ್ ಬಂದರೂ ಗಾಳಿಗೆ ಬುದ್ಧಿ ಬಂದಿಲ್ಲ. ಬಂದರಿನಲ್ಲಿ ಮರದ ಚೂರಿನ ಗುಡ್ಡ ಮತ್ತೆ ಎತ್ತರಕ್ಕೆ ಬೆಳೆದಿದೆ. ಪಕ್ಕದ ಮನೆಯ ನಾಯಿ ನನ್ನ ಬೀಟ್ರೂಟ್ ಮಡಿಯನ್ನು ಪೂರ್ತಿ ಅಗೆದು ಹಾಕಿತು. ಅದನ್ನು ಬೈದೆ. ಈಗೀಗ ಯಾರನ್ನಾದರೂ ಬೈಯಬೇಕು ಅನ್ನಿಸುತ್ತಿರುತ್ತದೆ, ನಾಯಿಯಾದರೆ ಎದುರು ಮಾತಾಡುವುದಿಲ್ಲ.

ನಿನ್ನ ತಮ್ಮ, ನನ್ನ ಗಂಡ, ಹೋಗಿ ಈ ತಿಂಗಳಿಗೆ ವರ್ಷ ತುಂಬಿತು. ಬೌಲಿಂಗ್ ಕ್ಲಬ್ಬಿನವರು ಯಾರು ಬೇಕಾದರೂ ಹಾಡಿ ನುಡಿಸುವ ಗುರುವಾರದ ಓಪನ್ ಮೈಕನ್ನು ಒಂದು ಸಲ ಕ್ಲೈವನ ನೆನಪಿಗೆಂದು ಇಟ್ಟರು. ಅದನ್ನು ನಡೆಸುವ ಡ್ಯಾರಿಲ್ ಬೇಕರಿಗೇ ಬಂದು ಗಂಟುಬಿದ್ದ. “ನೊಲೀನ್, ಇಷ್ಟು ವರ್ಷ ಅವನೊಬ್ಬನೇ ಬಂದು ನುಡಿಸ್ದ. ನೀನು ಒಂದ್ ಸಲನೂ ಬರ್ಲಿಲ್ಲ. ಈ ಸಲ ನಿನ್ ಹೆಸರು ಬೋರ್ಡ್ ಮೇಲೆ ಬರೆದೇಬಿಟ್ಟಿದೀನಿ, ಅಳಿಸೋಕಾಗಲ್ಲ” ಎಂದ. ನಾನು ಹೋಗುತ್ತಿರಲಿಲ್ಲ ಏಕೆಂದು ನಿನಗೆ ಗೊತ್ತೇ ಇದೆ. ಬೆಳಗಾಗುವ ಮೊದಲೇ ಹಿಟ್ಟು ನಾದಬೇಕಾದವಳು ಸಂಜೆಯೇ ಮಲಗಬೇಕು. ಕ್ಲೈವನಿಗೆ ಕತ್ತಲಲ್ಲಿ ಕಾರು ಓಡಿಸಲು ಕಣ್ಣು ಸಾಲುತ್ತಿರಲಿಲ್ಲ. ಪುಣ್ಯಕ್ಕೆ ನೀನಿದ್ದೆ. ನೀನು ಅಡಿಲೇಡಿಗೆ ಹೊರಡುವವರೆಗೂ ಗುರುವಾರ ತಪ್ಪದೆ ಅವನನ್ನು ಕರೆದುಕೊಂಡು ಹೋಗಿ ಕರೆದುಕೊಂಡು ಬಂದೆ. ನಾನು ನಿನಗೆಂದು ಕೈಯಾರೆ ಬೇಯಿಸಿದ ಸ್ಕೋನ್ ಬನ್ನುಗಳ ಒಂದು ಡಬ್ಬಿ ಕಟ್ಟಿಕೊಡುತ್ತಿದ್ದೆ, ನೆನಪಿದೆಯಲ್ಲ?

ಅವನ ಎರಡು ಗಿಟಾರುಗಳೂ ನಿನಗೆ ಗೊತ್ತು. ಕ್ಲಬ್ಬಿಗೆ ಒಯ್ಯುತ್ತಿದ್ದ ಕರಿಯದು ನಿನ್ನ ಮಗನ ಪಾಲಾಯಿತು. ಹಳೆಯ ಕಂದು ಗಿಟಾರು ನನ್ನ ಅಡುಗೆಮನೆಯ ಮೂಲೆ ಬಿಟ್ಟು ಎಲ್ಲಿಗೂ ಹೋದದ್ದಿಲ್ಲ. ಅದರ ಶ್ರುತಿಯೂ ಎಲ್ಲರ ಗಿಟಾರಿನಂತಲ್ಲ. ಕೆಲವು ತಂತಿ ಇಳಿಸಿ, ಒಂದನ್ನು ಏರಿಸಿ, ಕ್ಲೈವ್ ತಾನೇ ಹುಡುಕಿಕೊಂಡದ್ದು. ಹಾಗೆ ಇಟ್ಟರೆ ಸುಮ್ಮನೆ ಬೆರಳು ಆಡಿಸಿದರೂ ಒಂದು ರಾಗ ಎದ್ದು ಬರುತ್ತಿತ್ತು. “ಈ ಶ್ರುತಿ ಈ ಅಡುಗೆಮನೆ ದಾಟಲ್ಲ ನೊಲೀನ್. ಇದು ನಿಂದು” ಎನ್ನುತ್ತಿದ್ದ. ನನಗೆ ಒಂದೇ ಒಂದು ರಾಗ ಕಲಿಸಿದ. “ಬೆರಳಿಡೋದು ನಿನ್ ಕೆಲ್ಸ, ಬಿರಡೆ ತಿರುಗ್ಸೋದು ನನ್ ಕೆಲ್ಸ. ಬಿರಡೆ ಮುಟ್ಬೇಡ ಕಣೇ” ಎಂದು ಎಚ್ಚರಿಸಿದ್ದ. ನಾನು ಮುಟ್ಟಲಿಲ್ಲ. ಯಾವ ತಂತಿಗೆ ಯಾವ ಸ್ವರ ಎಂದು ಕೇಳಲೂ ಇಲ್ಲ. ಅವನು ಹೋದ ಮೇಲೆ ತಂತಿ ಬದಲಿಸಲಿಲ್ಲ, ಧೂಳು ಒರೆಸುವಾಗಲೂ ಬಿರಡೆಗಳನ್ನು ಬಿಟ್ಟು ಒರೆಸಿದೆ. ಅವನ ಕೈ ಕೊನೆಗೆ ತಿರುಗಿಸಿಟ್ಟದ್ದು ಅಲ್ಲೇ ಇದೆ ಅನ್ನುವುದೇ ನನಗೆ ದೊಡ್ಡ ಆಸ್ತಿಯಾಗಿತ್ತು.

ಅದನ್ನೇ ಕ್ಲಬ್ಬಿಗೆ ಒಯ್ದೆ. ಬೋರ್ಡಿನ ಮೇಲೆ ನನ್ನ ಹೆಸರು ಬ್ಯಾಂಜೋ ಬಾರಿಸುವ ಮುದುಕನ ಕೆಳಗಿತ್ತು. ಕ್ಲಬ್ಬಿನ ಕೋರಲ್ ಮೇಜಿಂದ ಮೇಜಿಗೆ ಹೋಗಿ, ಗೆದ್ದವರಿಗೆ ಮಾಂಸದ ತಟ್ಟೆ ಕೊಡುವ ಲಾಟರಿಯ ಚೀಟಿ ಮಾರುತ್ತಿದ್ದಳು. ನಾನೂ ಒಂದು ಚೀಟಿ ಕೊಂಡು, ಕೈ ತೊಳೆಯಲು ಬಚ್ಚಲಿಗೆ ಹೋದೆ. ಬರುವಷ್ಟರಲ್ಲಿ ಡ್ಯಾರಿಲ್ ಗಿಟಾರು ಹಿಡಿದು ಹಲ್ಲು ಬಿಡುತ್ತ ನಿಂತಿದ್ದ.

ಅವರ ಕ್ಲಬ್ಬಿನ ಪದ್ಧತಿ ನಿನಗೆ ಗೊತ್ತಲ್ಲ. ಒಬ್ಬೊಬ್ಬರಿಗೆ ಸಿಗುವುದೇ ಸ್ವಲ್ಪ ಹೊತ್ತು, ಅದರಲ್ಲಿ ವೇದಿಕೆಯ ಮೇಲೆ ಶ್ರುತಿ ಮಾಡುತ್ತ ಕೂರುವಂತಿಲ್ಲ. ಹೊಸಬರ ಗಿಟಾರನ್ನು ಡ್ಯಾರಿಲ್ಲೇ ತನ್ನ ಪುಟ್ಟ ಯಂತ್ರ ಸಿಕ್ಕಿಸಿ ಸರಿ ಮಾಡಿಡುತ್ತಾನೆ. ಉಪಕಾರವೆಂದೇ ಮಾಡುತ್ತಾನೆ.

“ಹೆದರ್ಕೋಬೇಡ ತಾಯಿ, ಶ್ರುತಿ ಸರಿ ಮಾಡಿದೀನಿ. ಅಬ್ಬಬ್ಬಾ, ಏನ್ ಕೆಟ್ಟೋಗಿತ್ತು ಅಂತೀಯ! ಒಂದ್ ತಂತಿನೂ ಜಾಗದಲ್ಲಿರ್ಲಿಲ್ಲ!”

ನನಗೆ ಆಗಲೂ ತಲೆಗೆ ಹೋಗಲಿಲ್ಲ ನೋಡು. ಮೇಲೆ ಹೋಗಿ ಕೂತು, ಬೆರಳಿಟ್ಟು, ಮೀಟಿದೆ. ಯಾವುದೋ ಪಾತ್ರೆ ಬಿದ್ದಂತಾಯಿತು. ಮತ್ತೆ ಮೀಟಿದೆ. ಮತ್ತೆ ಅದೇ. ನಾನು ಮರೆತೆನೆಂದುಕೊಂಡು ಹಿಂದಿನಿಂದ ಯಾರೋ, “ಪರವಾಗಿಲ್ಲ ನೊಲೀನ್, ನಿಧಾನಕ್ಕೆ!” ಎಂದು ಕೂಗಿದರು. ನನಗೆ ಅಲ್ಲೇ ಅಳು ಬಂತು.

“ಡ್ಯಾರಿಲ್, ಮೊದ್ಲು ಹೇಗಿತ್ತೋ ಹಾಗೇ ಮಾಡು.”

“ಮೊದ್ಲು ಹೇಗಿತ್ತು?”

“ನಂಗೇನ್ ಗೊತ್ತು? ತಿರುಗಿಸ್ದೋನು ನೀನು!”

“ಅಯ್ಯೋ, ನೋಡ್ಕೊಂಡೇ ಇಲ್ವಲ್ಲ ನಾನು” ಎಂದವನ ಮುಖ ಅವನ ಯಂತ್ರದಷ್ಟೇ ಸಣ್ಣದಾಯಿತು. ಬ್ಯಾಂಜೋ ಮುದುಕ ಬಂದು ಒಂದು ಬಿರಡೆ ತಿರುಗಿಸಿದ. ಇನ್ನೊಬ್ಬ ಬಂದು ಅದನ್ನೇ ಹಿಂದಕ್ಕೆ ತಿರುಗಿಸಿದ. ಜನ್ಮದಲ್ಲಿ ಒಮ್ಮೆ ಗಿಟಾರು ಮುಟ್ಟಿದವರೆಲ್ಲ ಒಂದೊಂದು ಸಲಹೆ ಕೊಟ್ಟರು. ಕ್ಲೈವನ ಕೊನೆಯ ಗುರುತನ್ನು ಒಬ್ಬೊಬ್ಬರೂ ಬಂದು ಅಳಿಸುತ್ತಿದ್ದರೆ ನಾನು ಗೊಂಬೆಯಂತೆ ಕೂತು ನೋಡಿದೆ. ಗ್ಲೆನಿಸ್, ಅವನನ್ನು ಮಣ್ಣು ಮಾಡಿದ ದಿನವೂ ನನಗೆ ಅಷ್ಟು ಸಂಕಟವಾಗಿರಲಿಲ್ಲ.

ಕೊನೆಗೆ ಅಲ್ಲಿದ್ದ ಯಾರೋ ಒಬ್ಬರು ಸರಿ ಮಾಡಿಕೊಟ್ಟರು. ನಾನು ನುಡಿಸಿದೆ. ಒಂದು ಕಡೆಯೂ ತಪ್ಪಲಿಲ್ಲ. ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟಿದರು, ಡ್ಯಾರಿಲ್ ಮೂಗು ಒರೆಸಿಕೊಂಡ. ಸಾಲದ್ದಕ್ಕೆ ಮಾಂಸದ ತಟ್ಟೆಯೂ ನನಗೇ ಬಂತು. ಮನೆಗೆ ತಂದು ಚಾಪ್ಸು, ಸಾಸೇಜು ಎಲ್ಲವನ್ನೂ ಬೀಟ್ರೂಟ್ ಅಗೆದ ಆ ನಾಯಿಗೇ ಹಾಕಿದೆ. ಪಾಪ, ಅದು ಎಂದೂ ನನ್ನ ಸ್ನೇಹಿತೆ ಎಂದು ಹೇಳಿಕೊಂಡಿರಲಿಲ್ಲ.

ಇನ್ನೇನು ಬರೆಯಲಿ? ಮೆಟ್ಟಿಲು ಹತ್ತುವಾಗ ಪಕ್ಕದ ಕಂಬಿ ಹಿಡಿದುಕೋ. ನಿನ್ನ ಮೊಣಕಾಲಿಗೆ ಬೇಗ ಬಲ ಬರಲಿ, ಮೊಮ್ಮಗು ಆರೋಗ್ಯವಾಗಿ ಬೆಳೆಯಲಿ, ದೇವರು ನಿಮ್ಮ ಮನೆಯನ್ನು ಚೆನ್ನಾಗಿಟ್ಟಿರಲಿ.

ನೊಲೀನ್

ತಾ.ಕ.: ಮೇಲೆ ‘ಯಾರೋ ಒಬ್ಬರು’ ಎಂದು ಬರೆದಿದ್ದೇನೆ. ಅದು ಕೋರಲ್. ಚೀಟಿಯ ಡಬ್ಬಿ ಕೆಳಗಿಟ್ಟು ಬಂದು, “ಇಲ್ಲಿ ಕೊಡು” ಎಂದು ಗಿಟಾರನ್ನು ತೊಡೆಯ ಮೇಲೆ ಇಟ್ಟುಕೊಂಡಳು. ಯಂತ್ರ ಬೇಕಾಗಲಿಲ್ಲ, ಯಾರನ್ನೂ ಕೇಳಲಿಲ್ಲ. ಕಣ್ಣು ಮುಚ್ಚಿ ಒಂದೊಂದೇ ಬಿರಡೆ ತಿರುಗಿಸಿ, ಕೊನೆಗೆ ಎಲ್ಲ ತಂತಿಯನ್ನೂ ಒಮ್ಮೆ ಮೀಟಿದಳು. ನನ್ನ ಅಡುಗೆಮನೆಯೇ ಕೇಳಿಸಿತು. ನಿನಗೆ ಹೇಗೆ ಗೊತ್ತು ಎಂದೆ. “ನಮ್ಮನೇಲಿರೋ ಗಿಟಾರೂ ಇದೇ ಶ್ರುತೀಲಿದೆ ನೊಲೀನ್. ಕ್ಲೈವ್ ಮಾಡಿಟ್ಟಿದ್ದು. ನಾನೂ ಅದನ್ನ ಹಾಗೇ ಬಿಟ್ಟಿದೀನಿ” ಎಂದು ನನ್ನ ಕಿವಿಯಲ್ಲಿ ಹೇಳಿದಳು. ಅದನ್ನು ಕೇಳಿದ ಮೇಲೆಯೇ ನಾನು ನುಡಿಸಿದ್ದು. ಜನ ಕಾಯುತ್ತಿದ್ದರಲ್ಲ.

ಕಾರಿನವರೆಗೂ ನನ್ನ ಹಿಂದೆ ಬಂದಳು. ಅವಳೂ ಅಳುತ್ತಿದ್ದಳು. “ನಿಂಗೆ ಗೊತ್ತಿದ್ದೂ ಸುಮ್ನಿದೀಯ ಅಂದ್ಕೊಂಡಿದ್ದೆ. ಗ್ಲೆನಿಸ್ ಹೇಳಿರ್ತಾಳೆ ಅಂತ. ಕ್ಲಬ್ಬಿಂದ ನಮ್ಮನೆಗೆ ಅವನನ್ನ ಬಿಟ್ಟು, ಆಮೇಲೆ ಬಂದು ಕರ್ಕೊಂಡು ಹೋಗ್ತಿದ್ದೋಳು ಅವಳೇ ತಾನೇ” ಎಂದಳು.

ಅವಳನ್ನು ಬೈಯಲು ನನಗೆ ಬಾಯಿ ಬರಲಿಲ್ಲ. ಅವಳು ನನ್ನ ಕೈಯ ಸ್ಕೋನ್ ತಿಂದವಳಲ್ಲ.

ಮಾರನೆಯ ದಿನ ಗಿಟಾರನ್ನು ಡ್ಯಾರಿಲ್ ಮನೆಗೆ ಒಯ್ದು, ಎಲ್ಲರದ್ದು ಇರುವಂತೆಯೇ ಮಾಡಿಕೊಡು ಎಂದೆ. ಎಷ್ಟು ಖುಷಿಯಿಂದ ಮಾಡಿಕೊಟ್ಟ! ಈಗ ಅವನ ಹತ್ತಿರ ಮೊದಲಿನಿಂದ ಕಲಿಯುತ್ತಿದ್ದೇನೆ. ಗುರುವಾರದ ಬೋರ್ಡಿನ ಮೇಲೆ ನನ್ನ ಹೆಸರನ್ನು ನಾನೇ ಬರೆದು ಬಂದಿದ್ದೇನೆ.

ಕ್ರಿಸ್ಮಸ್ಸಿಗೆ ಬರುತ್ತೇನೆ ಎಂದು ಬರೆದಿದ್ದೀಯ. ಬರಬೇಡ. ಟೋಪಿಯನ್ನು ಇದರ ಜೊತೆಗೇ ಹಿಂದಕ್ಕೆ ಕಳಿಸಿದ್ದೇನೆ. ನನ್ನ ಸ್ಕೋನ್ ಡಬ್ಬಿ ನಿನ್ನಲ್ಲೇ ಉಳಿದಿದೆ, ಅದನ್ನು ಕಳಿಸಿಕೊಡು.