ದಾವಣಗೆರೆಯ ಶಾರದಮ್ಮ

ಬೃಂದಾ,

ನಿನ್ನ ಫೋನ್ ಇಲ್ಲೇ ಚಾರ್ಜಿಗಿದೆ, ಅದಕ್ಕೇ ಚೀಟಿ. ಪಕ್ಕದ ಮನೆ ಜುಂಜಮ್ಮಜ್ಜಿ ಬೆಳಿಗ್ಗೆ ತಲೆಸುತ್ತಿ ಬಿದ್ದಳು. ಶುಗರ್ ವಿಪರೀತ ಏರಿದೆ, ಚಿತ್ರದುರ್ಗದ ದೊಡ್ಡಾಸ್ಪತ್ರೆಗೆ ಕರೆದೊಯ್ಯಿರಿ ಎಂದರು ಇಲ್ಲಿನ ಡಾಕ್ಟರು. ಅವಳ ಬಟ್ಟೆ ತೆಗೆದುಕೊಂಡು ಹೊರಟಿದ್ದೇನೆ.

ತಿಂಗಳಿಂದ ಮಾತ್ರೆ ಬಿಟ್ಟು ಅದ್ಯಾವುದೋ ಪುಡಿ ತಿನ್ನುತ್ತಿದ್ದಳಂತೆ. ಯಾಕಜ್ಜಿ ಅಂದರೆ, "ದಾವಣಗೆರೆ ಶಾರದಮ್ಮಂಗೆ ಹದಿನೈದೇ ದಿನಕ್ಕೆ ವಾಸಿ ಆಗೈತಂತೆ ಕಣವ್ವ, ಮೊಬೈಲ್‌ನಾಗೆ ಬರ್ದವ್ಳೆ" ಅಂದಳು.

ಆ ಶಾರದಮ್ಮನನ್ನು ನೀನೇ ಈ ಮೇಜಿನ ಮುಂದೆ ಕುಳಿತು, ಆ ಪುಡಿಯವರ ಜಾಹೀರಾತಿಗೆಂದು ಹುಟ್ಟಿಸಿದ್ದು. "ಪುಡಿ ನಾನೇನು ಮಾರಲ್ಲ ಅಕ್ಕ, ಮನೇಲೇ ಕುಂತು ನಾಕು ಸಾಲು ಬರಿಯೋ ಕೆಲ್ಸ" ಅಂದಿದ್ದೆ ನೀನು. ಓದಿ ನಾನೂ ನಕ್ಕಿದ್ದೆ. ಅದನ್ನು ನೆನೆದರೆ ನನ್ನ ಮೇಲೇ ಸಿಟ್ಟು ಬರುತ್ತಿದೆ.

ಹುರುಳಿ ಬೆಂದಿದೆ, ಸಾರಿಗೆ ಒಗ್ಗರಣೆ ಹಾಕು. ಅಜ್ಜಿಯ ಕುರಿಗಳಿಗೆ ನೀರಿಡು, ಮರೆಯಬೇಡ. ಬರೆದದ್ದನ್ನೆಲ್ಲ ಅಳಿಸು. ಆಗಲಿಲ್ಲವಾದರೆ ಸುಳ್ಳೆಂದು ನಿನ್ನ ಹೆಸರಿನಲ್ಲೇ ಬರೆ. ಆ ಕೆಲಸ ಕೊಟ್ಟವರಿಗೆ ಇನ್ನು ಬರೆಯಲ್ಲ ಎಂದು ಇವತ್ತೇ ಹೇಳಿಬಿಡು.

ಆಮೇಲೆ ಸಿಕ್ಕ ಬಸ್ಸು ಹತ್ತಿ ಆಸ್ಪತ್ರೆಗೆ ಬಾ. ಅಜ್ಜಿ ಈಗಲೂ ಮಾತ್ರೆ ಬೇಡ ಅನ್ನುತ್ತಾಳೆ, ಡಾಕ್ಟರಿಗಿಂತ ಶಾರದಮ್ಮನನ್ನೇ ನಂಬುತ್ತಾಳೆ. ಅಂಥವಳು ಯಾರೂ ಇಲ್ಲವೆಂದು ನಾನು ಹೇಳುವುದಿಲ್ಲ. ನೀನೇ ಹೇಳಬೇಕು, ಅವಳ ಮುಖ ನೋಡಿಕೊಂಡು.

ಅಕ್ಕ